ಮಾವನ ರೈಫಲ್ಲೂ ನನ್ನ ತ್ಯಾಗವೂ

ಗಂಡಸಿಗೆ ಬದುಕಿನ ಒಂದಲ್ಲ ಒಂದು ಘಟ್ಟದಲ್ಲಿ ಯಾವುದಾದರೊಂದು ಕಬ್ಬಿಣದ ವಸ್ತುವಿನ ಮೇಲೆ ಮನಸ್ಸಾಗಿಯೇ ಆಗುತ್ತದೆ. ಕೆಲವರಿಗೆ ಅದು ಕಾಲೇಜಿನ ದಿನಗಳಲ್ಲೇ ಮೋಟಾರ್ ಸೈಕಲ್ಲಾಗಿ ಬರುತ್ತದೆ. ಕೆಲವರಿಗೆ ನಲವತ್ತರ ಸುಮಾರಿಗೆ ವ್ಯಾಯಾಮದ ಯಂತ್ರವಾಗಿ ಬಂದು, ಸ್ವಲ್ಪ ದಿನ ಓಡಿ, ಆಮೇಲೆ ಒದ್ದೆ ಟವೆಲ್ ಹರವುವ ಸ್ಟ್ಯಾಂಡಾಗಿ ಖಾಯಂ ಆಗುತ್ತದೆ. ನನಗೆ ಬಂದದ್ದು ಐವತ್ತು ದಾಟಿದ ಮೇಲೆ. ಹತ್ತಿರಕ್ಕೊಂದು ದೂರಕ್ಕೊಂದು ಎಂದು ಎರಡು ಬಗೆಯ ಗಾಜುಗಳು ಒಂದೇ ಕನ್ನಡಕದಲ್ಲಿ ಸೇರಿಕೊಂಡ ಮೇಲೆ. ಅದೂ ಸ್ವಂತ ವಸ್ತುವಿನ ಮೇಲಲ್ಲ. ವಿಜಯವಾಡದಲ್ಲಿರುವ ನನ್ನ ಮಾವನವರ ಹಳೆಯ ಪಾಯಿಂಟ್ ಟೂ ಟೂ ರೈಫಲ್ಲಿನ ಮೇಲೆ. ಪರರ ವಸ್ತುವಿಗೆ ಆಸೆಪಡಬಾರದೆಂದು ನನಗೂ ಗೊತ್ತು. ಆದರೆ ಮಾವನ ವಸ್ತು ಪರರ ವಸ್ತುವಿನ ಲೆಕ್ಕಕ್ಕೆ ಬರುತ್ತದೆಯೇ ಎಂಬ ವಿಷಯದಲ್ಲಿ ನಮ್ಮ ದೇಶದ ಅಳಿಯಂದಿರೆಲ್ಲ ಒಂದೇ ಅಭಿಪ್ರಾಯದವರು.

ನಾನು ತಿಪಟೂರಿನ ಕಡೆಯವನು, ಬ್ಯಾಂಕಿನ ಅಧಿಕಾರಿ. ಬಂದೂಕಿನೊಂದಿಗೆ ನನ್ನ ಪರಿಚಯವೆಲ್ಲ ಶಾಖೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂರುವ ಕಾವಲುಗಾರರ ಜೋಡಿ ನಳಿಗೆಯ ಕೋವಿಯವರೆಗೆ ಮಾತ್ರ. ಅದರ ಮುಖ್ಯ ಉಪಯೋಗ ಊಟದ ಚೀಲ ನೇತು ಹಾಕುವುದು ಎಂದೇ ಬಹಳ ವರ್ಷ ತಿಳಿದಿದ್ದೆ. ಹರೆಯದಲ್ಲಿ ವರ್ಗವಾಗಿ ವಿಜಯವಾಡಕ್ಕೆ ಬಂದಾಗ ಅಲ್ಲಿನ ಆಟೋನಗರ್‌ನಲ್ಲಿ ಲಾರಿ ರಿಪೇರಿಯ ಶೆಡ್ಡು ನಡೆಸುತ್ತಿದ್ದ ಬಳ್ಳಾರಿ ಮೂಲದವರೊಬ್ಬರು, ಕನ್ನಡ ಮಾತಾಡುವ ಅವಿವಾಹಿತ ಪ್ರಾಣಿಯೊಂದು ಊರಿಗೆ ಬಂದಿದೆ ಎಂದು ತಿಳಿದು ಊಟಕ್ಕೆ ಕರೆದರು. ಊಟ ಮಾಡಿ ಏಳುವಷ್ಟರಲ್ಲಿ ಅವರು ನನಗೆ ಅರ್ಧ ಮಾವನಾಗಿದ್ದರು. ಅತ್ತೆಯವರು ಅಚ್ಚ ತೆಲುಗಿನವರು; ನನ್ನನ್ನು ಇವತ್ತಿಗೂ 'ಅಲ್ಲುಡುಗಾರೂ', ಅಂದರೆ ಅಳಿಯಂದಿರೇ, ಎಂದೇ ಕರೆಯುತ್ತಾರೆ. ಮಾವನವರು ಮಾತ್ರ ಏಕವಚನ. ಅಳಿಯನಿಗೆ ಮರ್ಯಾದೆ ಕೊಡುವುದು ತಮ್ಮ ಹೆಂಡತಿಯ ಇಲಾಖೆ ಎಂದು ಅವರು ಬಿಟ್ಟುಬಿಟ್ಟಿದ್ದಾರೆ. ಇಬ್ಬರ ಒಬ್ಬಳೇ ಮಗಳು ಪದ್ಮಜ ನನ್ನ ಹೆಂಡತಿ. ಅವಳ ಕನ್ನಡದಲ್ಲಿ ಅರ್ಧ ತೆಲುಗು. ಕೋಪ ಬಂದಾಗ ಪೂರ್ತಿ ತೆಲುಗು. ನಾವೀಗ ಇರುವುದು ವಿಶಾಖಪಟ್ಟಣದ ಮಧುರವಾಡದಲ್ಲಿ, ಹೊಸ ಅಪಾರ್ಟ್‌ಮೆಂಟೊಂದರ ಆರನೆಯ ಮಹಡಿಯಲ್ಲಿ.

ಮಾವನವರ ಬೀರುವಿನಲ್ಲಿ ರೈಫಲ್ ಇದೆಯೆಂದು ನನಗೆ ಮದುವೆಯಾದ ದಿನದಿಂದಲೂ ಗೊತ್ತಿತ್ತು. ಹೆಣ್ಣು ಕೊಟ್ಟ ಮಾವನ ಬಳಿ ಬಂದೂಕಿದೆ ಎಂದು ತಿಳಿದ ಅಳಿಯ ಎಷ್ಟು ವಿನಯದಿಂದ ಇರುತ್ತಾನೋ ಅಷ್ಟು ವಿನಯದಿಂದ ಇದ್ದೆ. ಒಂದು ಬೇಸಿಗೆಯಲ್ಲಿ, ಮಾತಿಲ್ಲದೆ ಬೇಜಾರಾಗಿದ್ದಾಗ, ಅವರು "ಬಾರಪ, ಕಾಗದಕ್ಕ ತೂತು ಮಾಡಿ ಬರೂಣು" ಎಂದು ಊರಾಚೆಯ ಗುರಿ ಅಭ್ಯಾಸದ ಮೈದಾನಕ್ಕೆ ಕರೆದುಕೊಂಡು ಹೋದರು. ನಾನು ಚಾಪೆಯ ಮೇಲೆ ಬೋರಲು ಮಲಗಿ, ಕಿವಿಗೆ ಹತ್ತಿ ತುರುಕಿಕೊಂಡು, ಹೆಗಲು ಮುರಿಯುತ್ತದೆಂದು ಹಲ್ಲು ಕಚ್ಚಿಕೊಂಡು, ಕುಲದೇವರನ್ನು ನೆನೆದು ಟ್ರಿಗರ್ ಎಳೆದೆ. 'ಟಪ್' ಎಂದಿತು. ಅಷ್ಟೇ. ಹಪ್ಪಳ ಮುರಿದರೆ ಇನ್ನೂ ಸ್ವಲ್ಪ ಜೋರಾಗಿ ಕೇಳಿಸುತ್ತದೆ. ಹೆಗಲಿಗೆ ಏನೂ ಆಗಲಿಲ್ಲ, ಹೊಗೆ ಬರಲಿಲ್ಲ, ಮರದ ಮೇಲಿನ ಕಾಗೆ ತಿರುಗಿ ಕೂಡ ನೋಡಲಿಲ್ಲ. ಆದರೆ ಐವತ್ತು ಮೀಟರ್ ದೂರದ ರಟ್ಟಿನ ಮೇಲೆ, ನಾನು ನೋಡುತ್ತಿದ್ದ ಜಾಗಕ್ಕೆ ಹತ್ತಿರದಲ್ಲೇ, ಕಡಲೆಕಾಳಿನಷ್ಟು ಅಚ್ಚುಕಟ್ಟಾದ ತೂತು ಬಿದ್ದಿತ್ತು. ಇಲ್ಲಿ ಮಲಗಿಕೊಂಡು ಬೆರಳು ಅಲ್ಲಾಡಿಸಿದರೆ ಅಷ್ಟು ದೂರದಲ್ಲಿ ಮನಸ್ಸಿಗೆ ಬಂದ ಕಡೆ ತೂತು! ಬ್ಯಾಂಕಿನಲ್ಲಿ ಮೇಜಿನ ಆಚೆ ನಿಂತವರಿಗೇ ನನ್ನ ಮಾತು ಮುಟ್ಟುವುದಿಲ್ಲ. ಅವತ್ತೇ ನಾನು ಹಾಳಾದೆ.

ಅಲ್ಲಿಂದ ಮುಂದೆ ನನಗೆ ಕುತೂಹಲದ ಕಾಯಿಲೆ ಹಿಡಿಯಿತು. ಈ ರೈಫಲ್ಲಿನ ತೋಟಾ ಕಿರುಬೆರಳಿನ ಅರ್ಧದಷ್ಟೂ ಉದ್ದವಿಲ್ಲ. ದೊಡ್ಡ ಕೋವಿಗಳ ತೋಟಾಕ್ಕೆ ಬುಡದ ನಟ್ಟನಡುವೆ ಪೆಟ್ಟು ಬೀಳಬೇಕಂತೆ. ಇದಕ್ಕೆ ಬುಡದ ಅಂಚಿಗೆ ಎಲ್ಲಿ ಬಿದ್ದರೂ ಸಾಕು. ಕಿಡಿ ಕೊಡುವ ಮಸಾಲೆಯನ್ನು ಆ ಅಂಚಿನ ಮಡಿಕೆಯೊಳಗೆ ಸುತ್ತಲೂ ಸವರಿರುತ್ತಾರೆ. ಹೋಳಿಗೆಯ ಹೂರಣ ಅಂಚಿನವರೆಗೂ ಬಂದಿರಬೇಕೆಂದು ನಮ್ಮಮ್ಮ ಹೇಳುತ್ತಿದ್ದಳಲ್ಲ, ಹಾಗೆ. ಇದನ್ನು ತಿಳಿದ ಸಂಭ್ರಮದಲ್ಲಿ ನಾನು ಒಂದು ಮಧ್ಯಾಹ್ನ ಮಾವನವರ ನಡುಮನೆಯಲ್ಲಿ, ಖಾಲಿ ರೈಫಲ್ಲನ್ನು ಗೋಡೆಯ ಕಡೆ ಹಿಡಿದು, ಟ್ರಿಗರ್ ಎಳೆದು 'ಚಟ್' ಎನಿಸಿದೆ. ಮಲಗುವ ಕೋಣೆಯಿಂದ, ಗೊರಕೆಯ ಮಧ್ಯದಲ್ಲೇ, ಮಾವನವರ ಧ್ವನಿ ಬಂತು. "ಖಾಲಿ ಕೋವಿ ಹಂಗ ಬಡೀಬ್ಯಾಡಪ. ಒಳಗ ತೋಟಾ ಇಲ್ದಿದ್ರ ಅದರ ಮೊಳೆ ಹೋಗಿ ಉಕ್ಕಿನ ಅಂಚಿಗೇ ಕುಟ್ಟತೈತಿ. ನಿನ್ನ ಹಲ್ಲಿಗೆ ಯಾರರೆ ಸುತ್ತಿಗಿ ಬಡದ್ರ ಹೆಂಗಿರ್ತೈತಿ?" ಮಗಳನ್ನು ಕೊಡುವಾಗಲೂ ಇಷ್ಟು ಎಚ್ಚರಿಕೆ ಹೇಳಿರಲಿಲ್ಲ.

ರೈಫಲ್ಲಿನ ಗುಣವೂ ವಿಚಿತ್ರ. ಒಂದು ಕಂಪನಿಯ ತೋಟಾ ಹಾಕಿದರೆ ತೂತುಗಳು ಒಂದರ ಪಕ್ಕ ಒಂದು ಕೂರುತ್ತವೆ. ಅದಕ್ಕಿಂತ ದುಬಾರಿಯದನ್ನು ಹಾಕಿದರೆ ಮುನಿಸಿಕೊಂಡು ಎಲ್ಲೆಲ್ಲೋ ಹೋಗುತ್ತವೆ. ಒಂದೇ ಅಂಗಡಿಯ ಕಾಫಿಪುಡಿಗೆ ಒಗ್ಗಿಹೋದ ಹಿರಿಯರಂತೆ ಅದಕ್ಕೂ ಒಂದು ರುಚಿ ಇದೆ. ಚುನಾವಣೆ ಬಂದಾಗ ಲೈಸೆನ್ಸಿನ ಆಯುಧಗಳನ್ನೆಲ್ಲ ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕಾಗುತ್ತದೆ. ಆಗ ಮಾವನವರು ಊಟ ಕಡಿಮೆ ಮಾಡುತ್ತಾರೆ. ಫಲಿತಾಂಶದ ದಿನ ಊರೆಲ್ಲ ಯಾರು ಗೆದ್ದರೆಂದು ಟಿವಿ ನೋಡುತ್ತಿದ್ದರೆ, ಅವರಿಗೆ ಯಾರು ಗೆದ್ದರೂ ಒಂದೇ, ರೈಫಲ್ ಮನೆಗೆ ಬಂದರೆ ಸಾಕು. ಇನ್ನು ನಮ್ಮ ಮಧುರವಾಡದಲ್ಲಿ ನಾನು ಈ ವಿಷಯ ಬಾಯಿಬಿಟ್ಟಿದ್ದೇ ತಪ್ಪಾಯಿತು. ಅಪಾರ್ಟ್‌ಮೆಂಟಿನ ಸಂಘದ ಅಧ್ಯಕ್ಷರು ಲಿಫ್ಟಿನಲ್ಲಿ ನನ್ನನ್ನು ಹಿಡಿದು, "ಸಾರ್, ಮನ ಕೋತುಲ ಸಂಗತಿ ಚೂಡಂಡಿ" ಎಂದು ತಾರಸಿಯ ಕೋತಿಗಳ ಜವಾಬ್ದಾರಿಯನ್ನು ನನಗೆ ವಹಿಸಲು ಬಂದರು. ಅದು ಕಾಗದ ಹೊಡೆಯುವ ಕೋವಿ, ಕೋತಿಗಳ ಮೇಲೆ ನನಗೆ ದ್ವೇಷವಿಲ್ಲ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ. ಕಾಗದ ಹೊಡೆಯುವುದಕ್ಕೆ ಯಾರಾದರೂ ಬಂದೂಕು ಇಟ್ಟುಕೊಳ್ಳುತ್ತಾರೆಯೇ ಎಂದು ಕೇಳಿದರು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಎದೆಯ ಬಡಿತ ಕೇಳಿಸುವಷ್ಟು ಸುಮ್ಮನಾಗಿ, ಬೆರಳು ತಾನಾಗಿ ಎಳೆಯುವವರೆಗೆ ಕಾಯುವ ಆ ಗಳಿಗೆಯಲ್ಲಿ ಲೋಕದ ಯಾವ ತಾಪತ್ರಯವೂ ಇರುವುದಿಲ್ಲ. ಅದನ್ನು ಲಿಫ್ಟಿನಲ್ಲಿ ವಿವರಿಸುವುದು ಹೇಗೆ?

ಹೋದ ವರ್ಷ ಮಾವನವರ ಕೈ ಸಣ್ಣಗೆ ನಡುಗಲು ಶುರುವಾಯಿತು. ಕಾಫಿ ಲೋಟ ಹಿಡಿದರೆ ತಿಳಿಯುವುದಿಲ್ಲ, ರೈಫಲ್ ಹಿಡಿದರೆ ತಿಳಿಯುತ್ತದೆ. ವಯಸ್ಸಾದವರು ತಾವು ಬದುಕಿರುವಾಗಲೇ ಮನೆಯವರೊಬ್ಬರ ಹೆಸರಿಗೆ ಮಾಡಿಕೊಡಲು ಅವಕಾಶವಿದೆಯೆಂದು ಅವರಿಗೆ ಗೊತ್ತಿತ್ತು. ದಸರೆಗೆ ನಾವಿಬ್ಬರೂ ವಿಜಯವಾಡಕ್ಕೆ ಹೋದಾಗ ಊಟದ ಎಲೆಯ ಮುಂದೆಯೇ ವಿಷಯ ತೆಗೆದರು. "ಬೀರುದಾಗ ಮಲಗಿಸಿ ಎಣ್ಣಿ ಸವರೋರಿಗೆ ನಾನು ಕೊಡಂಗಿಲ್ಲ. ನೀವಿಬ್ಬರೂ ಐದೈದು ಹೊಡೀರಿ. ಯಾರ ಕೈಯಾಗ ಅದು ಮಾತು ಕೇಳತೈತೋ ಅವರದು. ಇಬ್ಬರ ಕೈಯಾಗೂ ಕೇಳಲಿಲ್ಲಂದ್ರ ಮಾರೇಬಿಡ್ತೀನಿ" ಎಂದರು. ಪದ್ಮಜ ಅಪ್ಪನಿಗೆ ಸಾರು ಬಡಿಸುತ್ತಾ, "ನನಗ್ಯಾಕೆ ನಾನ್ನಾ? ಚಿಕ್ಕವಳಿದ್ದಾಗ ಏದೋ ಹೊಡೀತಿದ್ದೆ. ಈಗ ಅದೆಲ್ಲ ಎಲ್ಲಿ ನೆನಪಿದೆ" ಎಂದಳು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಮರೆಮಾಚುವುದೇಕೆ, ನನಗೆ ಆ ರೈಫಲ್ ಬೇಕಾಗಿತ್ತು. ಬಡ್ತಿಗೂ ನಾನು ಅಷ್ಟು ಆಸೆಪಟ್ಟವನಲ್ಲ. ಮಾರಿಬಿಡುತ್ತೇನೆ ಎಂಬ ಮಾತು ಕೇಳಿ, ಹಬ್ಬ ಮುಗಿದ ಮರುದಿನವೇ ಪರೀಕ್ಷೆಯಾಗಲಿ ಎಂದು ಅಲ್ಲೇ ಗೊತ್ತು ಮಾಡಿಸಿಕೊಂಡೆ.

ಮರುದಿನ ಆಯುಧಪೂಜೆ. ನಮ್ಮ ಕಡೆಯವರಿಗೆ ಈ ಹಬ್ಬದಲ್ಲಿ ಒಂದು ಉನ್ಮಾದ ಬರುತ್ತದೆ. ನಮ್ಮಪ್ಪ ಅಡಿಕೆ ಕತ್ತರಿಯಿಂದ ಹಿಡಿದು ಕೊಡೆಯವರೆಗೆ ಕುಂಕುಮ ಹಚ್ಚುತ್ತಿದ್ದರು. ನಾನು ಶಾಖೆಯಲ್ಲಿ ನೋಟು ಎಣಿಸುವ ಯಂತ್ರಕ್ಕೆ ವಿಭೂತಿ ಬಳಿದು, ಅದು ಎರಡು ದಿನ ಸೀನುತ್ತಿದ್ದುದೂ ಉಂಟು. ಅವತ್ತು ಮಾವನವರು ಆಟೋನಗರ್‌ನ ಶೆಡ್ಡಿಗೆ ಪೂಜೆಗೆಂದು ಹೋಗಿದ್ದರು. ಲೇತ್ ಯಂತ್ರಗಳಿಗೆಲ್ಲ ಹೂ ಏರಿಸಿ ಲಾರಿಯ ಚಕ್ರಕ್ಕೆ ಬೂದುಗುಂಬಳ ಒಡೆಯದೆ ಅವರು ಬರುವವರಲ್ಲ. ಹೋಗುವಾಗ ರೈಫಲ್ಲನ್ನು ದೇವರ ಮುಂದಿನ ಮಣೆಯ ಮೇಲಿಟ್ಟು, "ಒಂದು ಹೂ ಇಡು, ಸಾಕು" ಎಂದು ನನಗೆ ಹೇಳಿದ್ದರು. ಅತ್ತೆಯವರು ಗಂಧದ ಬಟ್ಟಲು ತಂದುಕೊಟ್ಟು, "ಮೀರೇ ಕಾನಿವ್ವಂಡಿ ಅಲ್ಲುಡುಗಾರೂ" ಎಂದು ಪೂಜೆಯನ್ನು ನನಗೇ ಒಪ್ಪಿಸಿದರು. ನಾಳಿದ್ದು ನನ್ನದಾಗಲಿರುವ ರೈಫಲ್ಲಿಗೆ ಒಂದೇ ಹೂವೇ? ಮರದ ಹಿಡಿಗೆ ಮೂರು ಎಳೆ ವಿಭೂತಿ ಎಳೆದೆ. ನಳಿಗೆಗೆ ಅರಿಸಿನದ ದಾರ ಕಟ್ಟಿದೆ. ನಳಿಗೆಯ ತುದಿಯಲ್ಲಿ ಗುರಿ ಹಿಡಿಯಲೆಂದು ಒಂದು ಪುಟ್ಟ ಉಕ್ಕಿನ ಕಡ್ಡಿ ಎದ್ದು ನಿಂತಿರುತ್ತದೆ. ರೈಫಲ್ಲಿಗೆ ಹಣೆ ಎಂಬುದಿದ್ದರೆ ಅದೇ ಎಂದು ನಿರ್ಧರಿಸಿ, ಅದರ ನೆತ್ತಿಗೆ ದಪ್ಪನಾಗಿ ಗಂಧ ಇಟ್ಟು, ಮೇಲೊಂದು ಕುಂಕುಮ ಒತ್ತಿದೆ. ಮಂಗಳಾರತಿಯ ಬೆಳಕಿನಲ್ಲಿ ರೈಫಲ್ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಮಾವನವರ ಜೊತೆ ಅಭ್ಯಾಸಕ್ಕೆ ಹೋದೆ. ಹಬ್ಬ ಮುಗಿಯದೆ ಪೂಜೆಯ ಗಂಧ ತೆಗೆಯಬಾರದು ಎಂಬುದು ನನ್ನ ನೇಮ. ಹೂವನ್ನೂ ದಾರವನ್ನೂ ಮಾತ್ರ ಸರಿಸಿಕೊಂಡೆ. ಮಾವನವರು ಬೇವಿನ ಮರದಡಿ ಹಳೆಯ ಗೆಳೆಯರ ಜೊತೆ ಚಹಾ ಕುಡಿಯುತ್ತಾ ಕುಳಿತರು. ನಾನು ಹೊಡೆದದ್ದೆಲ್ಲ ಗುರಿಯ ಕಾರ್ಡಿನಿಂದ ಒಂದು ಗೇಣು ಕೆಳಗೆ, ನೆಲದಲ್ಲಿ ಧೂಳೆಬ್ಬಿಸಿತು. ಆಮೇಲೆ ನೆನಪಾಯಿತು, ರೈಫಲ್ಲಿನ ಹಿಂಭಾಗದಲ್ಲಿ, ಕಣ್ಣಿನ ಹತ್ತಿರ, ಗುರಿ ನೋಡುವ ಕಚ್ಚೊಂದಿದೆ. ಅದನ್ನು ಒಂದು ತಿರುಪಿನಿಂದ ಏರಿಸಿದರೆ ಗುಂಡು ಮೇಲೇರುತ್ತದೆ. ತಿರುಗಿಸಿದೆ, ಹೊಡೆದೆ, ಇನ್ನೂ ತಿರುಗಿಸಿದೆ, ಹೊಡೆದೆ. ಕೊನೆಗೆ ತೂತುಗಳು ಕಪ್ಪು ವೃತ್ತದೊಳಗೆ ಬಂದು, ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳು ಸಿಕ್ಕಹಾಗೆ, ಒಂದೆಡೆ ಸೇರಿದವು. ರೈಫಲ್ಲಿನ ಮನಸ್ಸನ್ನು ನಾನೊಬ್ಬನೇ ಅರ್ಥ ಮಾಡಿಕೊಂಡೆನೆಂದು ಬೀಗಿದೆ. ಮಾವನವರಿಗೆ ಹೇಳಲಿಲ್ಲ. ಹೇಳಿದರೆ ಪರೀಕ್ಷೆಯ ದಿನದ ಬೆರಗು ಕಡಿಮೆಯಾಗುತ್ತದಲ್ಲ.

ಪರೀಕ್ಷೆ ಅದರ ಮರುದಿನ. ಮಾವನವರು ನಸುಕಿನಲ್ಲೇ ಎದ್ದು, ಉಳಿದಿದ್ದ ಹಬ್ಬದ ಅಲಂಕಾರ ತೆಗೆದು, ರೈಫಲ್ಲನ್ನು ಒರೆಸಿ ಸಿದ್ಧ ಮಾಡಿಟ್ಟಿದ್ದರು. ಮೈದಾನದಲ್ಲಿ ಮರದ ಚೌಕಟ್ಟಿಗೆ ಎರಡು ಕಾರ್ಡು ಅಂಟಿಸಿದರು. ಎಡಗಡೆಯದು ನನ್ನದು, ಬಲಗಡೆಯದು ಪದ್ಮಜಳದು. ಮಾವನವರು ದುರ್ಬೀನು ಹಿಡಿದು ಪಕ್ಕದಲ್ಲಿ ಕುಳಿತರು. ಮೊದಲು ನಾನು. ಉಸಿರು ಬಿಗಿಹಿಡಿದು, ಬಹಳ ಶ್ರದ್ಧೆಯಿಂದ ಐದು ಹೊಡೆದೆ. ನನ್ನ ಕನ್ನಡಕಕ್ಕೆ ಅಷ್ಟು ದೂರದ ತೂತು ಕಾಣುವುದಿಲ್ಲ, ಆದರೆ ಮನಸ್ಸಿಗೆ ಕಂಡವು. ಆಮೇಲೆ ಮಾವನವರು ರೈಫಲ್ ತೆಗೆದುಕೊಂಡು, ಹಿಂದುಮುಂದು ನೋಡಿ, ತಿರುಪನ್ನು ಏನೋ ಮಾಡಿ ಮಗಳಿಗೆ ಕೊಟ್ಟರು. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಅಳತೆ ಬೇಕಾಗುವುದು ಸಹಜವೆಂದುಕೊಂಡೆ. ಪದ್ಮಜ ಸೆರಗು ಸಿಕ್ಕಿಸಿಕೊಂಡು, ಚಾಪೆಯ ಮೇಲೆ ಮಲಗಿ, ಅಡಿಗೆಗೆ ತಡವಾಗುತ್ತದೆ ಎಂಬಂತೆ ಟಪಟಪನೆ ಐದು ಹೊಡೆದು ಎದ್ದುಬಿಟ್ಟಳು.

ಮೂವರೂ ನಡೆದುಕೊಂಡು ಹೋಗಿ ನೋಡಿದೆವು. ನನ್ನ ಕಾರ್ಡು ಅಂಗಡಿಯಿಂದ ತಂದಷ್ಟೇ ಹೊಸದಾಗಿತ್ತು. ಒಂದು ತೂತಿಲ್ಲ. ಪದ್ಮಜಳ ಕಾರ್ಡಿನ ನಡುವೆ ಐದು ತೂತು, ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾದಷ್ಟು ಹತ್ತಿರ ಹತ್ತಿರ. ನನಗೆ ಮಿಂಚು ಹೊಳೆದಂತಾಯಿತು. ಗುರಿಕಾರರು ಅಪರೂಪಕ್ಕೆ ಪಕ್ಕದವರ ಕಾರ್ಡಿಗೆ ಹೊಡೆದುಬಿಡುವುದುಂಟೆಂದು ನಾನು ಕೇಳಿದ್ದೆ. ಇದು ಅದೇ! ಹಿಂದಿನ ದಿನ ಅಷ್ಟು ಚೆನ್ನಾಗಿ ಹೊಡೆದ ಕೈ ಇದು. ಈ ತೂತುಗಳು ನನ್ನವೇ. ಅಡಿಗೆಮನೆಯ ಅವಸರದಲ್ಲಿ ಹೊಡೆದವಳ ಐದೂ ಎಲ್ಲೋ ಗಾಳಿಗೆ ಹೋಗಿವೆ. ಬಾಯಿ ತೆರೆದೆ. ಆಗ ಮಾವನವರ ಮುಖ ನೋಡಿದೆ. ಆ ಒರಟು ಮನುಷ್ಯನ ಕಣ್ಣು ತುಂಬಿತ್ತು. "ನನ್ನ ಮಗಳು ಮರ್ತಿಲ್ಲ ನೋಡಪ" ಎಂದರು. ಪದ್ಮಜ ಎಸ್ಸೆಸ್ಸೆಲ್ಸಿಯ ಫಲಿತಾಂಶ ನೋಡಿದ ಹುಡುಗಿಯಂತೆ ಕೆನ್ನೆಗೆ ಕೈಯಿಟ್ಟುಕೊಂಡು ನಿಂತಿದ್ದಳು. ನಾನು ಸತ್ಯ ಹೇಳಿದರೆ ರೈಫಲ್ ನನ್ನದಾಗಬಹುದು, ಆದರೆ ಈ ಎರಡು ಮುಖ ಬಾಡುತ್ತವೆ. ಜೀವನದಲ್ಲಿ ಅಷ್ಟು ದೊಡ್ಡ ನಿರ್ಧಾರವನ್ನು ನಾನು ಅಷ್ಟು ಬೇಗ ತೆಗೆದುಕೊಂಡದ್ದಿಲ್ಲ. ಬಾಯಿ ಮುಚ್ಚಿದೆ, ಮುಗುಳ್ನಕ್ಕೆ, ಹೆಂಡತಿಯ ಕೈ ಕುಲುಕಿದೆ.

ಓಡಾಟ, ವಿಚಾರಣೆಗಳೆಲ್ಲ ಮುಗಿದು ಲೈಸೆನ್ಸು ಪದ್ಮಜಳ ಹೆಸರಿಗೆ ಬಂತು, ರೈಫಲ್ ಮಧುರವಾಡಕ್ಕೆ ಬಂತು. ಈಗ ಭಾನುವಾರ ಬೆಳಿಗ್ಗೆ ಅವಳು ಅಭ್ಯಾಸಕ್ಕೆ ಹೊರಟರೆ ನಾನು ಚಾಪೆ, ನೀರಿನ ಬಾಟಲಿ, ಕಾರ್ಡುಗಳ ಚೀಲ ಹೊತ್ತು ಹಿಂದೆ ನಡೆಯುತ್ತೇನೆ. ಲಿಫ್ಟಿನಲ್ಲಿ ಅಧ್ಯಕ್ಷರು ಕೋತಿಗಳ ವಿಷಯವನ್ನು ಅವಳ ಹತ್ತಿರವೇ ಮಾತಾಡುತ್ತಾರೆ. ಇಷ್ಟೆಲ್ಲ ಆದರೂ ನಾನು ಕುಗ್ಗಲಿಲ್ಲ. ಕಾರಣ, ನನ್ನ ತ್ಯಾಗ ನನ್ನೊಳಗೆ ಬೆಚ್ಚಗೆ ಕುಳಿತಿತ್ತು. ಅವಳು ಸ್ಪರ್ಧೆ, ಪದಕ ಎಂದು ಮಾತಾಡಿದರೆ ಕರುಣೆಯಿಂದ ನೋಡುತ್ತಿದ್ದೆ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಕ್ಷಮಿಸುತ್ತಿದ್ದೆ. ಅವಳ ತೂತುಗಳು ಪ್ರತಿವಾರವೂ ನಾಣ್ಯದಷ್ಟು ಜಾಗದಲ್ಲೇ ಕೂರುತ್ತಿದ್ದುದನ್ನು ಕಂಡು ಆಗಾಗ ಒಂದು ಅನುಮಾನ ತಲೆಯೆತ್ತುತ್ತಿತ್ತು. ಪಾಪ, ಆಮೇಲೆ ಕಲಿತಿದ್ದಾಳೆ ಎಂದು ಅದನ್ನು ಕೂರಿಸುತ್ತಿದ್ದೆ.

ಸಂಕ್ರಾಂತಿಗೆ ಮಾವನವರು, ದಾರಿಯಲ್ಲಿ ಅನಕಾಪಲ್ಲಿಯಲ್ಲಿ ಇಳಿದು ಕೊಂಡ ಬೆಲ್ಲದ ಅಚ್ಚುಗಳ ಜೊತೆ ನಮ್ಮ ಮನೆಗೆ ಬಂದರು. ಊಟವಾಗಿ ಬಾಲ್ಕನಿಯಲ್ಲಿ ಇಬ್ಬರೇ ಕುಳಿತಿದ್ದಾಗ ನನಗೆ ತಡೆಯಲಾಗಲಿಲ್ಲ. ಯಾರಿಗೂ ಗೊತ್ತಿಲ್ಲದ ತ್ಯಾಗಕ್ಕೆ ರುಚಿ ಕಡಿಮೆ. "ಮಾವ, ಆವತ್ತಿನ ಕಾರ್ಡಿನ ವಿಚಾರ ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ" ಎಂದು ಗಂಭೀರವಾಗಿ ಶುರು ಮಾಡಿದೆ. ಅವರು ನನ್ನ ತೊಡೆ ತಟ್ಟಿ, "ನಾನೂ ಹೊರಗ ಯಾರಿಗೂ ಹೇಳಿಲ್ಲ ಬಿಡಪ. ದುರ್ಬೀನದಾಗ ಎಲ್ಲಾ ನೋಡಿದ್ದೆ. ನಿನ್ನ ಐದೂ ಕಾರ್ಡಿನ ಮ್ಯಾಲ ಹಾರಿ ಹಿಂದಿನ ಮಣ್ಣಿನ ದಿಬ್ಬದಾಗ ಹೊಕ್ಕವು" ಎಂದರು.

"ದಿಬ್ಬವೇ?" ಎಂದು ಕೇಳಿದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮುಂದಿನ ಕಡ್ಡಿಯ ಮೇಲೆ ನಾನಿಟ್ಟ ಗಂಧ ಒಣಗಿ ಕಲ್ಲಾಗಿತ್ತು. ಕಡ್ಡಿ ಅಷ್ಟು ಎತ್ತರವಾದ್ದರಿಂದ ಅಭ್ಯಾಸದ ದಿನ ಗುಂಡುಗಳು ಕೆಳಗೆ ಬಿದ್ದವು. ಅದಕ್ಕೆ ನಾನು ಹಿಂದಿನ ಕಚ್ಚು ಏರಿಸಿದೆ. ಪರೀಕ್ಷೆಯ ಬೆಳಿಗ್ಗೆ ಅವರು ಗಂಧವನ್ನು ಉಗುರಿನಿಂದ ಕೆರೆದು ತೆಗೆದರು, ಏರಿಸಿದ ಕಚ್ಚು ಗಮನಿಸಲಿಲ್ಲ. ನಾನು ಹೊಡೆದಾದ ಮೇಲೆ ಅದನ್ನು ಕಂಡು ಇಳಿಸಿ ಮಗಳಿಗೆ ಕೊಟ್ಟರು. ನಾನು ಹೊಡೆದದ್ದು ಪದ್ಮಜಳ ಕಾರ್ಡಿಗೂ ಅಲ್ಲ, ಯಾರ ಕಾರ್ಡಿಗೂ ಅಲ್ಲ.

"ಮತ್ತೆ ಅಲ್ಲೇ ಹೇಳ್ಬಾರ್ದಿತ್ತಾ ಮಾವ? ಇನ್ನೊಂದ್ ಸಲ ಹೊಡೀತಿದ್ದೆ" ಎಂದೆ. ನನ್ನ ಧ್ವನಿ ನನಗೇ ಅಳುವಂತೆ ಕೇಳಿಸಿತು.

"ಹೇಳಬೇಕಂತನ ಬಂದಿದ್ದೆ. ಇದು ನಿನ್ನ ತಪ್ಪಲ್ಲ, ಇನ್ನೊಮ್ಮೆ ಐದು ಹೊಡಿ ಅನ್ನಬೇಕಂತಿದ್ದೆ. ನೀನು ಒಂದು ಮಾತು ಕೇಳಿದ್ರ ಸಾಕಿತ್ತು. ನೀನು ಖಾಲಿ ಕಾರ್ಡು ನೋಡಿ, ನಕ್ಕು, ಹೆಂಡ್ತಿ ಕೈ ಕುಲುಕಿಬಿಟ್ಟೆ. ಹೆಂಡ್ತಿಗೆ ಸೋತದ್ದನ್ನ ಇಷ್ಟು ಚಂದಾಗಿ ಒಪ್ಪಿಕೊಂಡ ಗಂಡಸರನ್ನ ನಾನು ನೋಡೇ ಇಲ್ಲಪ. ಅದನ್ಯಾಕ ಕೆಡಸಲಿ ಅಂತ ಸುಮ್ಮನಾದೆ" ಎಂದರು ಮಾವನವರು, ಬಹಳ ಪ್ರೀತಿಯಿಂದ.

ಕಾಫಿ ತಂದ ಪದ್ಮಜ ಕೊನೆಯ ಮಾತು ಕೇಳಿಸಿಕೊಂಡಿದ್ದಳು. ಅಪ್ಪನ ಕಡೆ ಕಣ್ಣು ತೋರಿಸಿ, "ನಾನ್ನ ನನಗೆ ಅವತ್ತೇ ಹೇಳಿದ್ರಂಡಿ. ನೀವು ನೊಂದ್ಕೋತೀರಿ ಅಂತ ನಾನು ಮಾತೆತ್ತಲಿಲ್ಲ" ಎಂದು ಲೋಟ ಕೈಗಿತ್ತಳು. ಅಂದರೆ ಇಷ್ಟು ದಿನ ನಾನು ಅವಳನ್ನು ಕರುಣೆಯಿಂದ ನೋಡುವಾಗಲೆಲ್ಲ ಅವಳೂ ನನ್ನನ್ನು ಕರುಣೆಯಿಂದ ನೋಡುತ್ತಿದ್ದಳು. ಇನ್ನೊಂದು ಪಂದ್ಯ ಇಡೋಣವೇ ಎಂದು ಕೇಳಬೇಕೆನ್ನಿಸಿತು. ಆದರೆ ಕೇಳಿದರೆ ಮಾವನವರು ನನ್ನಲ್ಲಿ ಮೆಚ್ಚಿಕೊಂಡ ಆ ಒಂದೇ ಒಂದು ಗುಣವೂ ಹೋಗುತ್ತದೆ. ಬಾಯಿ ಮುಚ್ಚಿದೆ, ಮುಗುಳ್ನಕ್ಕೆ. ರೈಫಲ್ ಹೊಡೆಯುವುದು ನನಗೆ ಇನ್ನೂ ಸರಿಯಾಗಿ ಬಂದಿಲ್ಲ. ಇದು ಮಾತ್ರ ಚೆನ್ನಾಗಿ ಬಂದಿದೆ.